ಅಂಬುಜಕ್ಕನ ಸೀರೆಯ ಲಂಗೋಟಿಗಳು

ಪೇಟೆಗೆ ಬಂದ ಹೊಸ ಸಾಮಾನು ಮೊದಲು ನಮ್ಮ ಮನೆಗೇ ಬರಬೇಕು, ಅದು ನಮ್ಮ ಯಜಮಾನರ ಚಪಲ. ನಾನು ಬಾಣಂತನ ಮುಗಿಸಿ, ಐದು ತಿಂಗಳ ಮಗಳನ್ನು ಎತ್ತಿಕೊಂಡು ರಾಜಾಜಿನಗರದ ಮನೆಗೆ ಬಂದ ದಿನವೇ ಮೆಜೆಸ್ಟಿಕ್ಕಿನಿಂದ ಪ್ಲಾಸ್ಟಿಕ್ ಚಡ್ಡಿ ತಂದಿಟ್ಟರು.

"ಇದನ್ನ ಹಾಕ್ಬಿಟ್ರೆ ಹಾಸಿಗೆ ಒದ್ದೆಯಾಗಲ್ಲ ಕಣೇ ತುಂಗಾ."

ನಿಜ, ಹಾಸಿಗೆ ಒದ್ದೆಯಾಗಲಿಲ್ಲ. ಮಗುವೇ ಒಳಗೆ ಬೆಂದುಹೋಯಿತು. ಶ್ರಾವಣದ ಜಿಟಿಜಿಟಿ ಮಳೆಗೆ ತವರಿನಿಂದ ತಂದಿದ್ದ ನಾಲ್ಕಾರು ಲಂಗೋಟಿ ಒಣಗುತ್ತಲೇ ಇರಲಿಲ್ಲ. ದಿನವಿಡೀ ಚಡ್ಡಿಯೇ ಗತಿ. ತೊಡೆಸಂದಿ ಕೆಂಪಗಾಗಿ ಸುಲಿದು, ಮುಟ್ಟಿದರೆ ಕಿರುಚುತ್ತಿದ್ದಳು. ಡಾಕ್ಟರು ಮುಲಾಮು ಕೊಟ್ಟು, ಚಡ್ಡಿ ಬಿಸಾಕಿ ಹಳೆಯ ಹತ್ತಿ ಬಟ್ಟೆ ಹಾಕಿ ಎಂದರು.

ಹತ್ತಿ ಬಟ್ಟೆ ಎಲ್ಲಿದೆ? ಮನೆಯ ಹಳೆ ಸೀರೆ, ಪಂಚೆಯನ್ನೆಲ್ಲ ನಮ್ಮತ್ತೆ ಜಗದಾಂಬಾ ಬೀದಿಯಲ್ಲಿ ಬರುವ ಸ್ಟೀಲ್ ಪಾತ್ರೆಯವಳಿಗೆ ಹಾಕಿ ಡಬ್ಬಿ, ಡಬರಿ ತೆಗೆದುಕೊಂಡಿದ್ದರು. ಯಜಮಾನರ ಷರಟೆಲ್ಲ ಟೆರಿಲೀನು, ನನ್ನ ಸೀರೆಯೆಲ್ಲ ನೈಲಾನು. ಮಕ್ಕಳೊಂದಿಗರ ಮನೆಯಿಂದ ಹಳೆ ಸೀರೆ ಕೇಳಿ ತಂದು ಲಂಗೋಟಿ ಮಾಡುವುದು ಅತ್ತೆಯ ಪದ್ಧತಿ. ಮಹಾಲಕ್ಷ್ಮಿ ಲೇಔಟಿನಲ್ಲಿದ್ದ ಮಕ್ಕಳೊಂದಿಗರೊಬ್ಬರ ಮನೆಗೆ ಮಳೆಯಲ್ಲೇ ಹೋಗಿ ಸೀರೆ ತಂದರು. ಅದೂ ನೈಲಾನೇ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಗ ನನ್ನ ಓರಗಿತ್ತಿ ಅಂಬುಜಕ್ಕ ಟ್ರಂಕಿನಿಂದ ಒಂದು ಗಂಟು ತಂದು ಬಿಚ್ಚಿದಳು. ಉಟ್ಟು ಒಗೆದು ಬೆಣ್ಣೆಯಷ್ಟು ಮೆತ್ತಗಾದ ಹತ್ತಿ ಸೀರೆಗಳು. ಮದುವೆಯಾದಾಗಿನಿಂದ ಒಂದನ್ನೂ ಪಾತ್ರೆಯವಳಿಗೆ ಹಾಕದೆ ಎತ್ತಿಟ್ಟಿದ್ದಳು. ಯಾರಿಗಾಗಿ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅವಳಿಗೆ ಮಕ್ಕಳಾಗಿರಲಿಲ್ಲ.

"ಒಳಗಿಡು ಅದನ್ನ," ಎಂದರು ಅತ್ತೆ. "ನಿನ್ನ ಸೀರೆ ಮಗೂಗೆ ಬೇಡ."

ಮಗುವನ್ನೇ ಅವಳ ಕೈಗೆ ಕೊಡದವರು ಸೀರೆ ಮುಟ್ಟಿಸುತ್ತಾರೆಯೇ! ಅಂಬುಜಕ್ಕ ಗಂಟು ಕಟ್ಟತೊಡಗಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಶಾಸ್ತ್ರ ನೋಡ್ತಾ ಕೂತ್ರೆ ಮಗೂಗೆ ಚರ್ಮ ಬರುತ್ತಾ ಅತ್ತೆ? ಅಕ್ಕ, ಕೊಡಿ ಇಲ್ಲಿ," ಎಂದು ಒಂದು ಸೀರೆ ಕಿತ್ತುಕೊಂಡು ಅವರೆದುರೇ ಪರ್ರನೆ ಹರಿದೆ.

ಅವತ್ತಿನಿಂದ ಅಂಬುಜಕ್ಕ ಮಾಡಿದ್ದನ್ನು ನೋಡಬೇಕಿತ್ತು. ಒದ್ದೆಯಾದದ್ದನ್ನು ಆಗಿಂದಾಗ ಒಗೆದು, ಸೋಪು ಒಂದಿಷ್ಟೂ ಉಳಿಯದಂತೆ ಜಾಲಿಸಿ, ಕುದಿನೀರಲ್ಲಿ ಅದ್ದಿ ಹಿಂಡುವಳು. ಬಿಸಿಲಿಲ್ಲದ ದಿನ ಕೆಂಡದ ಮೇಲೆ ಬಿದಿರಿನ ಮಂಕರಿ ಬೋರಲು ಹಾಕಿ, ಅದರ ಮೇಲೆ ಹರಡಿ, ಮುಂದೆಯೇ ಕಾವಲು ಕೂರುವಳು. ಬಟ್ಟೆ ಒಣಗಿದ್ದನ್ನು ಕೆನ್ನೆಗೆ ಒತ್ತಿ ನೋಡಿ ಕೊಡುವಳು. ನನಗಂತೂ ಕೈಮುಗಿಯಬೇಕೆನಿಸುತ್ತಿತ್ತು. ಲಂಗೋಟಿ ಒದ್ದೆಯಾದ ತಕ್ಷಣ ಗೊತ್ತಾಗುತ್ತಿತ್ತು, ತಕ್ಷಣ ಬದಲಾಯಿಸುತ್ತಿದ್ದೆವು. ಗಾಳಿಯಾಡಿ ಗಾಯ ಮಾಗಿ, ಹೊಸ ಚರ್ಮ ಬಂತು. ಮಗಳು ಕಾಲು ಬಡಿದು ಕೇಕೆ ಹಾಕಿದಳು. ಅತ್ತೆ ಎಲ್ಲವನ್ನೂ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಅಂಬುಜಕ್ಕ ಗಂಟಿನಲ್ಲಿ ಉಳಿದಿದ್ದ ಕೊನೆಯ ಸೀರೆಗೆ ಕತ್ತರಿ ಹಚ್ಚಿದಳು. ತೊಟ್ಟಿಲು ತೂಗುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

"ಅದೊಂದು ಇರ್ಲಿ ಕಣೇ ಅಂಬುಜಾ. ಮುಂದೆ ನಿನಗೇ ಬೇಕಾಗುತ್ತೆ."

ಅಂಬುಜಕ್ಕ ತಲೆಯೆತ್ತಲಿಲ್ಲ. "ಇವಳು ಇದಾಳಲ್ಲ ಅತ್ತೆ," ಎಂದು ಸೀರೆಯನ್ನು ಉದ್ದಕ್ಕೂ ಹರಿದಳು.

ಅತ್ತೆ ಮೊಣಕಾಲಿಗೆ ಕೈಯೂರಿ ಎದ್ದು, ನನ್ನ ಮಗಳನ್ನು ತೊಟ್ಟಿಲಿನಿಂದ ಎತ್ತಿ, ಅಂಬುಜಕ್ಕನ ಮಡಿಲಲ್ಲಿ ಮಲಗಿಸಿದರು.

"ಲಂಗೋಟಿ ನೀನೇ ಕಟ್ಟು," ಎಂದರು.