ಕೈ ಸ್ಟೀರಿಂಗ್ ಮೇಲಿರಲಿ, ಸತೀಶ

ಷಿಕಾಗೋ ಪಕ್ಕದ ನಮ್ಮ ಲೊಂಬಾರ್ಡ್ ಅಪಾರ್ಟ್‌ಮೆಂಟಿನಲ್ಲಿ ಸತೀಶ ಆಫೀಸಿನಿಂದ ಬಂದನೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಇಟಾಸ್ಕಾದಿಂದ ಹೊರಟ ಅವನ ಕೆಂಪು ಕಾರು ಇನ್ನೂ ಎರಡು ಸಿಗ್ನಲ್ ಆಚೆ ಇರುವಾಗಲೇ ನಮ್ಮ ಕಿಟಕಿಯ ಗಾಜು ಗುಂಯ್ ಅನ್ನುತ್ತಿತ್ತು. ಪಾರ್ಕಿಂಗಿಗೆ ಬಂದ ಮೇಲೂ ಒಂದು ಸಲ ಜೋರಾಗಿ ಬುರ್ರ್ ಅನ್ನಿಸಿ, ಆಮೇಲೆ ಆಫ್ ಮಾಡುವುದು. ಕೆಳಗಿನ ಮನೆಯ ಕೈಗೂಸು ಬೆಚ್ಚಿಬಿದ್ದು ಅಳುವುದು. ದಿನಾ ಇದೇ ಪಾಡು.

ನಾನು ಇಂದುಮತಿ, ಮೈಸೂರಿನವಳು. ಇಲ್ಲಿ ಹದಿನಾಲ್ಕು ವರ್ಷದಿಂದ ಸ್ಕೂಲ್ ಬಸ್ ಓಡಿಸುತ್ತೇನೆ. ರಸ್ತೆಯ ಕಾನೂನು ಓದಿ ಓದಿ ತಲೆ ನೆರೆತಿದೆ. ಸುಮ್ಮನಿರುವ ಸ್ವಭಾವವೂ ನನ್ನದಲ್ಲ. ಆ ಕಾರು ಬಂದ ಮೊದಲ ವಾರವೇ ಅವನನ್ನು ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದೆ.

"ಏನೋ ಇದು, ಸೈಲೆನ್ಸರ್ ಕಳಚಿ ಬಿದ್ದಿದೆಯಾ?"

"ಇಲ್ಲ ಆಂಟಿ, ಮಾಡಿಫೈ ಮಾಡ್ಸಿರೋದು. ನನ್ನ ಫ್ರೆಂಡ್ ಸುಶಾಂತ ಇಂಡಿಯಾಗೆ ವಾಪಸ್ ಹೋದ್ನಲ್ಲ, ಅವನ ಮೂವಿಂಗ್ ಸೇಲಲ್ಲಿ ತಗೊಂಡೆ. ಸೋಫಾ, ಮಿಕ್ಸಿ, ಕಾರು, ಎಲ್ಲ ಒಟ್ಟಿಗೆ."

"ಬದಲಾಯಿಸಿಬಿಡಪ್ಪ. ಸದ್ದು ಜಾಸ್ತಿ ಆಗೋ ಹಾಗೆ ಸೈಲೆನ್ಸರ್ ತಿದ್ದೋದನ್ನ ಇಲ್ಲಿನ ಕಾನೂನು ಒಪ್ಪಲ್ಲ."

"ತಿದ್ದಿದ್ದು ನಾನಲ್ವಲ್ಲ ಆಂಟಿ! ಎಷ್ಟು ಜನ ಹೀಗೇ ಓಡಿಸ್ತಾರೆ, ಯಾರು ಹಿಡೀತಾರೆ?"

"ತಿದ್ದಿದೋರು ಯಾರೇ ಆಗ್ಲಿ, ಕೇಳೋದು ಓಡ್ಸೋರನ್ನ."

ಅವನು ನಕ್ಕು ಹೊರಟುಹೋದ. ನಾನೂ ಬಿಟ್ಟುಬಿಟ್ಟೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಅಷ್ಟರಲ್ಲಿ ಮಂಡ್ಯದಿಂದ ಅವನ ತಾಯಿ ನಿಂಗಮ್ಮ ಬಂದರು. ಸೊಸೆ ನವ್ಯಶ್ರೀಗೆ ಏಳು ತಿಂಗಳು. ಆ ಹುಡುಗಿಗೆ ತವರಿನಲ್ಲಿ ತಾಯಿಯಿಲ್ಲ. ಬಾಣಂತನ ಮಾಡಲು ಅತ್ತೆಯೇ ಬಂದಿದ್ದರು. ಬಂದ ದಿನವೇ ಸತೀಶ ತಾಯಿಗೆ ಪಾಸ್‌ಪೋರ್ಟಿನ ನಕಲು ಕೊಟ್ಟು, "ಅವ್ವ, ಯಾವಾಗಾದ್ರೂ ಪೊಲೀಸ್ ಬಂದ್ರೆ ಹೆದರ್ಕೋಬೇಡ, ತಕ್ಷಣ ಇದನ್ನ ತೆಗೆದು ತೋರ್ಸು" ಅಂದಿದ್ದ. ನಿಂಗಮ್ಮ ಅದನ್ನು ಮಡಿಸಿ, ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆ ಸಂಚಿಯೊಳಗೆ ಇಟ್ಟುಕೊಂಡಿದ್ದರು.

ಒಂದು ಭಾನುವಾರ ಮಧ್ಯಾಹ್ನ ಮೂವರೂ ದೇವಸ್ಥಾನದಿಂದ ಬರುತ್ತಿದ್ದರು. ರೂಸ್‌ವೆಲ್ಟ್ ರೋಡಿನಲ್ಲಿ ಹಿಂದಿನಿಂದ ಪೊಲೀಸ್ ಕಾರಿನ ದೀಪ ಮಿನುಗಿತು. ಸತೀಶ ಕಾರನ್ನು ಬದಿಗೆ ಹಾಕಿದ. ಅಲ್ಲಿಯವರೆಗೆ ಸರಿ. ಆಮೇಲೆ ಊರಿನಲ್ಲಿ ಮಾಡುವ ಹಾಗೇ ಮಾಡಿದ. ನಮ್ಮ ಕಡೆ ಪೊಲೀಸರು ಕೈ ಅಡ್ಡ ಹಾಕಿದರೆ ನಾವೇ ಇಳಿದು, ಕಾಗದ ಪತ್ರ ಹಿಡಿದು, ಅವರು ನಿಂತಲ್ಲಿಗೆ ಹೋಗಿ "ಸಾರ್" ಅನ್ನುತ್ತೇವೆ. ಕೂತೇ ಇದ್ದರೆ ಕೊಬ್ಬು ಅಂದುಕೊಳ್ಳುತ್ತಾರೆ. ಸತೀಶ ಮರ್ಯಾದೆ ಕೊಡಬೇಕೆಂದೇ ಇಳಿದು, ಲೈಸೆನ್ಸ್ ತೆಗೆಯಲು ಜೇಬಿಗೆ ಕೈ ಹಾಕಿಕೊಂಡು, ಆ ಪೊಲೀಸನ ಕಡೆಗೆ ನಡೆದ.

ಆ ಪೊಲೀಸ್ ಇನ್ನೂ ಚಿಕ್ಕ ವಯಸ್ಸಿನವನು. ಕಾರಿನೊಳಗೆ ವಾಪಸ್ ಹೋಗು ಎಂದು ಕಿರುಚಿದ. ಮಗನ ಮೇಲೆ ಯಾರೋ ಕಿರುಚುವುದನ್ನು ಕಂಡು ನಿಂಗಮ್ಮ ಹಿಂದಿನ ಬಾಗಿಲು ತೆಗೆದು ಇಳಿದರು. ಮಗ ಹೇಳಿಕೊಟ್ಟದ್ದು ನೆನಪಾಯಿತು. ತಕ್ಷಣ ಸೆರಗಿನೊಳಗೆ ಕೈ ಹಾಕಿ ಸಂಚಿ ತಡಕತೊಡಗಿದರು.

ಪೊಲೀಸನ ಕೈ ಪಿಸ್ತೂಲಿನ ಮೇಲೆ ಹೋಯಿತು. ಕೈ ತೋರಿಸು, ಕೈ ತೋರಿಸು ಎಂದು ಕೂಗಿದ. ನಿಂಗಮ್ಮನಿಗೆ ಇಂಗ್ಲಿಷ್ ಎಲ್ಲಿ ಬರಬೇಕು? ಕಾರಿನೊಳಗಿಂದ ನವ್ಯಶ್ರೀ ಒಂದೇ ಉಸಿರಿಗೆ, "ಅತ್ತೇ, ಕೈ ಮೇಲೆತ್ತಿ!" ಎಂದು ಚೀರಿದಳು. ನಿಂಗಮ್ಮ ಎರಡೂ ಕೈ ಎತ್ತಿದರು.

ಏನೂ ಆಗಲಿಲ್ಲ. ಬರೆಯಲು ಎರಡೇ ಪದ. ಆದರೆ ನವ್ಯಶ್ರೀ ಒಂದು ಕ್ಷಣ ತಡ ಮಾಡಿದ್ದರೆ ಬೇರೆಯೇ ಬರೆಯಬೇಕಿತ್ತು.

ಎಲ್ಲರೂ ಒಳಗೆ ಕೂತ ಮೇಲೆ ಪೊಲೀಸ್ ಕಾಗದ ನೋಡಿದ, ಸದ್ದಿನ ವಿಷಯಕ್ಕೆ ದಂಡದ ಟಿಕೆಟ್ ಬರೆದುಕೊಟ್ಟು ಹೋದ. ಅದರಲ್ಲಿ ಕೋರ್ಟಿಗೆ ಬರಬೇಕಾದ ತಾರೀಖಿತ್ತು.

ಮಂಗಳವಾರ ನವ್ಯಶ್ರೀ ಫೋನ್ ಮಾಡಿ ಅತ್ತಳು. "ಆಂಟಿ, ಅತ್ತೆ ರೂಮಿಂದ ಈಚೆಗೇ ಬರ್ತಿಲ್ಲ. ಊಟ ಸೇರ್ತಿಲ್ಲ. ಊರಿಗೆ ಕಳ್ಸಿಬಿಡಿ ಅಂತಿದಾರೆ. ಅವರು ಹೋದ್ರೆ ನನಗೆ ಯಾರಿದಾರೆ?"

ನಾನು ಡ್ಯೂಟಿ ಮುಗಿಸಿ ಬಸ್ ನಿಲ್ಲಿಸಿ, ಸಮವಸ್ತ್ರದಲ್ಲೇ ಅವರ ಮನೆಗೆ ಹೋದೆ. ನಿಂಗಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರು.

"ನಾ ಊರಿಗ್ ಓಯ್ತೀನಿ ಇಂದಮ್ಮ. ಆ ಕಾರ್ ಅತ್ತೋದಿಲ್ಲ ನಾನು. ನನ್ನ ದೆಸೆಯಿಂದ ನನ್ ಮಗಂಗೆ ಏನಾರ ಆಗಿದ್ರೆ?"

ಕಾರು ಹತ್ತದೆ ಈ ಊರಿನಲ್ಲಿ ಆಸ್ಪತ್ರೆಗೆ ಹೋಗುವುದು ಹೇಗೆ, ಮಗುವನ್ನು ಕರೆತರುವುದು ಹೇಗೆ? ಸತೀಶನನ್ನು ಕೇಳಿದೆ, "ಟಿಕೆಟ್ ಎಲ್ಲಿ?"

"ಡ್ರಾಯರಲ್ಲಿದೆ ಆಂಟಿ. ಕೋರ್ಟಿಗೆ ಹೋದ್ರೆ ವೀಸಾಗೆ ತೊಂದ್ರೆ ಆಗುತ್ತೇನೋ. ಹಾಗೇ ಬಿಟ್ಬಿಡೋಣ ಅಂತ..."

ನನಗೆ ಸಿಟ್ಟು ನೆತ್ತಿಗೇರಿತು. "ಬಿಟ್ರೇನೇ ತೊಂದ್ರೆ ಕಣೋ! ಇದು ಸಣ್ಣ ಟ್ರಾಫಿಕ್ ಟಿಕೆಟ್. ಕೋರ್ಟಿಗೆ ಹೋಗದೆ ಇದ್ರೆ ಲೈಸೆನ್ಸ್‌ಗೆ ಕುತ್ತು ಬರುತ್ತೆ, ಆಮೇಲೆ ಇನ್ನೂ ದೊಡ್ಡದಾಗುತ್ತೆ. ವೀಸಾ ಬಗ್ಗೆ ಅನುಮಾನ ಇದ್ರೆ ಲಾಯರನ್ನ ಕೇಳು. ವಾಟ್ಸಾಪ್ ಗ್ರೂಪನ್ನ ಕೇಳ್ಬೇಡ."

ಅವನು ತಲೆ ತಗ್ಗಿಸಿದ. ಮೆಲ್ಲಗೆ ಹೇಳಿದ, "ಮೀಟಿಂಗಲ್ಲಿ ನಾನು ಮಾತಾಡಿದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ ಆಂಟಿ. ಆ ಕಾರು ಸದ್ದು ಮಾಡಿದ್ರೆ ಎಲ್ಲರೂ ತಿರುಗಿ ನೋಡ್ತಿದ್ರು. ಅದಕ್ಕೇ..." ಪಾಪ ಅನ್ನಿಸಿತು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಊಟದ ಮೇಜಿನ ನಾಲ್ಕು ಕುರ್ಚಿ ಎಳೆದು ಕಾರಿನ ಹಾಗೆ ಜೋಡಿಸಿದೆ. ಸತೀಶ ಡ್ರೈವರ್ ಸೀಟಿನಲ್ಲಿ, ಪಕ್ಕದಲ್ಲಿ ನವ್ಯಶ್ರೀ. "ನಿಂಗಮ್ಮನವರೇ, ನೀವು ಕಾರು ಹತ್ತೋದು ಬೇಡ. ನೀವೇ ಪೊಲೀಸ್" ಅಂದೆ. ಮೊದಲು ಏಳಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ಮುದ್ದೆ ಕೋಲು ಹಿಡಿದು ಬಂದರು. ಇಲ್ಲಿ ಲಾಠಿ ಬೇಕಾಗಿಲ್ಲ ಎಂದರೂ ಕೇಳಲಿಲ್ಲ.

ಸತೀಶನ ಕಿವಿಯಲ್ಲಿ ಹೇಳಿದೆ, "ಮೊನ್ನೆ ಮಾಡಿದ ಹಾಗೇ ಮಾಡು." ಅವನು ಧಡಕ್ಕನೆ ಎದ್ದು, ಜೇಬಿಗೆ ಕೈ ಹಾಕಿಕೊಂಡು, ತಾಯಿಯ ಕಡೆ ತಿರುಗಿದ. ನಿಂಗಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಹೆತ್ತ ಮಗನನ್ನು ನೋಡಿಯೇ ಸರಿದರು.

"ಅಯ್ಯೋ, ಇವ್ನ ಕೈನಾಗೆ ಏನೈತೋ ನಂಗೆ ಕಾಣ್ತಿಲ್ವಲ್ಲವ್ವ!" ಅಂದರು. ಆಮೇಲೆ ಕೋಲು ಕೆಳಗಿಟ್ಟರು. "ಆ ಪೊಲೀಸ್ ಹೈದನೂ ಎದ್ರಿದ್ನಾ ಇಂದಮ್ಮ? ಅವ್ನ ತಾಯೀನೂ ಮಗ ನೆಟ್ಟಗೆ ಮನೆಗ್ ಬರ್ಲಿ ಅಂತ ಕಾಯ್ತಿರ್ತಾಳೆ, ಅಲ್ವಾ?"

"ಹೂಂ, ನಿಂಗಮ್ಮನವರೇ. ಅದಕ್ಕೇ ಕೈ ಕಾಣಬೇಕು."

ಆಮೇಲೆ ಸರಿಯಾದ ಪಾಠ ಶುರುವಾಯಿತು. ಕಾರು ಬದಿಗೆ ಹಾಕು, ಎಂಜಿನ್ ಆಫ್ ಮಾಡು. ಇಳಿಯಬೇಡ. ಕಿಟಕಿ ಇಳಿಸು. ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಪಕ್ಕದವರ, ಹಿಂದಿನವರ ಕೈ ತೊಡೆಯ ಮೇಲೆ ಕಾಣುವಂತಿರಲಿ. ಲೈಸೆನ್ಸ್ ಕೇಳಿದರೆ, "ಜೇಬಿನಲ್ಲಿದೆ, ತೆಗೆಯಲೇ?" ಎಂದು ಹೇಳಿಯೇ ತೆಗೆ. ಟಿಕೆಟ್ ತಪ್ಪು ಅನ್ನಿಸಿದರೂ ರಸ್ತೆಯಲ್ಲಿ ವಾದ ಬೇಡ. ಹೇಳುವುದಿದ್ದರೆ ಕೋರ್ಟಿನಲ್ಲಿ ಹೇಳು. ನಾಲ್ಕು ಸಲ ಮಾಡಿಸಿದೆ. ಐದನೆಯ ಸಲ ನಿಂಗಮ್ಮ ತಾವಾಗಿಯೇ ಹಿಂದಿನ ಕುರ್ಚಿಯಲ್ಲಿ ಕೂತು, ಎರಡೂ ಅಂಗೈ ತೊಡೆಯ ಮೇಲಿಟ್ಟರು. "ಇನ್ನೊಂದ್ ಕಿತ ಮಾಡ್ಸು" ಅಂದರು. ಅಂದು ರಾತ್ರಿ ಮುದ್ದೆ ಉಂಡರೆಂದು ನವ್ಯಶ್ರೀ ಮೆಸೇಜ್ ಕಳಿಸಿದಳು.

ಅದೇ ವಾರ ಸತೀಶ ಕಾರಿಗೆ ಕಂಪನಿಯ ಮೂಲ ಸೈಲೆನ್ಸರ್ ಹಾಕಿಸಿ, ರಿಪೇರಿಯ ರಶೀದಿ ಜೋಪಾನ ಮಾಡಿಟ್ಟ. ಕೋರ್ಟಿನ ದಿನ ಮುಂಜಾನೆ ನಿಂಗಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ನಾನೂ ಬತ್ತೀನಿ" ಅಂದರು. ನಾನೂ ರಜೆ ಹಾಕಿ ನನ್ನ ಕಾರಿನಲ್ಲಿ ಹಿಂದೆ ಹೋದೆ.

ಸತೀಶ ತಪ್ಪು ಒಪ್ಪಿಕೊಂಡು ರಶೀದಿ ತೋರಿಸಿದ. ನ್ಯಾಯಾಧೀಶರು ನೋಡಿ, ಇನ್ನು ಹೀಗೆ ಮಾಡಬೇಡ ಎಂದು ಹೇಳಿ ಕೇಸು ಮುಗಿಸಿದರು. ಎಲ್ಲರಿಗೂ ಹೀಗೇ ಆಗುತ್ತದೆಂದು ನಾನು ಮಾತು ಕೊಡಲಾರೆ. ಆದರೆ ಸರಿಪಡಿಸಿಕೊಂಡು ಹೋದವರ ಮಾತಿಗೆ ಬೆಲೆ ಇರುತ್ತದೆ.

ಹೊರಗೆ ಬಂದ ಮೇಲೆ ಸತೀಶ ಕಣ್ಣೊರೆಸಿಕೊಳ್ಳುತ್ತಿದ್ದ. ಕೇಸು ಮುಗಿದ ಖುಷಿ ಇರಬೇಕು ಅಂದುಕೊಂಡೆ.

"ಅದಲ್ಲ ಆಂಟಿ" ಅಂದ. "ಬರ್ತಾ ದಾರಿಯುದ್ದಕ್ಕೂ ಅವ್ವ ಮಾತಾಡ್ತಾನೇ ಇದ್ಲು. ನಾನು ಹುಟ್ಟಿದ ದಿನದ ಕಥೆ ಎಲ್ಲಾ ನವ್ಯಾಗೆ ಹೇಳಿದ್ಲು. ಇಷ್ಟು ದಿನ ಹಿಂದಿನ ಸೀಟಲ್ಲಿ ಇದೇ ಮಾತು ಆಡ್ತಿದ್ಲಂತೆ. ಆ ಸದ್ದಿನಲ್ಲಿ ಒಂದೂ ನನಗೆ ಕೇಳಿಸಿರಲಿಲ್ಲ."

ಷಿಕಾಗೋ, ಡೆಟ್ರಾಯಿಟ್ ಸುತ್ತಮುತ್ತಲಿನ ನಮ್ಮ ಕನ್ನಡದ ಮಕ್ಕಳೇ, ಒಂದು ಮಾತು ಕೇಳಿ. ಹಳೆಯ ಕಾರು ಕೊಳ್ಳುವಾಗ ಒಮ್ಮೆ ಸ್ಟಾರ್ಟ್ ಮಾಡಿಸಿ ಸದ್ದು ಕೇಳಿ. ತಿದ್ದಿದ ಸೈಲೆನ್ಸರ್ ಇದ್ದರೆ ಇಂದೇ ಬದಲಾಯಿಸಿ. ಇಲಿನಾಯ್, ಮಿಷಿಗನ್ ಎರಡು ಕಡೆಯೂ ಇದಕ್ಕೆ ಕಾನೂನಿದೆ. ಒಂದೊಂದು ಊರಿನ ನಿಯಮವೂ ಬೇರೆ, ನಿಮ್ಮ ಊರಿನದನ್ನು ತಿಳಿದುಕೊಳ್ಳಿ. ಟಿಕೆಟ್ ಬಂದರೆ ಬಚ್ಚಿಡಬೇಡಿ, ತಾರೀಖು ತಪ್ಪಿಸಬೇಡಿ. ಮನೆಗೆ ಬಂದ ತಂದೆ ತಾಯಿಗೆ ಕಾಗದ ಎಲ್ಲಿದೆ ಎಂದು ತೋರಿಸುವ ಮೊದಲು, ಕೈ ಎಲ್ಲಿರಬೇಕು ಎಂದು ಹೇಳಿಕೊಡಿ. ಅವರು ಇರುವುದು ಆರೇ ತಿಂಗಳು. ಅಷ್ಟೂ ದಿನ ಅವರ ಮಾತು ನಿಮ್ಮ ಕಿವಿಗೆ ಬೀಳಲಿ.