ಅಳಿಯನ ಗಿಡ್ಡ ಕೋಟು

ಮಗಳ ಮದುವೆಗೆ ಇನ್ನು ಮೂರು ವಾರವಿದೆ ಎನ್ನುವಾಗ ಶಿವಕ್ಕನ ಕಿವಿಗೆ ಒಂದು ಸುದ್ದಿ ಬಿತ್ತು. ಬಿದ್ದದ್ದೇ ತಡ, ಲಂಡನ್ನಿನ ಕ್ವೀನ್ಸ್‌ಬರಿಯ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಚಾಕು ನಿಂತುಹೋಯಿತು. ಅಳಿಯನಾಗಲಿರುವ ಕ್ಯಾಲಮ್ ಮದುವೆಯ ದಿನ ಹಾಕಿಕೊಳ್ಳುವ ಕೋಟು ಬಾಡಿಗೆಯದಂತೆ.

"ಏನಂದಿ? ಬಾಡಿಗಿ ಕೋಟು? ಕಂಡವರ ಬೆವರಿನ ಕೋಟು ಹಾಕ್ಕೊಂಡು ನನ್ನ ಅಳಿಯಾ ಅಕ್ಕಿಕಾಳು ಬೀಳಿಸ್ಕೊಬೇಕೇನು?"

ಮಗಳು ಮಾಳವಿಕಾ ಎಂದಿನಂತೆ ಇಂಗ್ಲಿಷಿನಲ್ಲೇ ಸಮಾಧಾನ ಹೇಳಿದಳು. ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಉಡುವ ನೆರಿಗೆಯ ಕಿಲ್ಟ್ ಅವನ ಸ್ವಂತದ್ದು, ತಾತನಿಂದ ಬಂದದ್ದು. ಅದರ ಮೇಲಿನ ಜಾಕೆಟ್ ಮಾತ್ರ ಬಾಡಿಗೆಗೆ. ಈ ದೇಶದಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಸೋಮವಾರ ವಾಪಸು ಕೊಟ್ಟರಾಯಿತು.

"ಎಲ್ಲಾರೂ ಮಾಡವಲ್ರ್ಯಾಕ. ನಾ ಎಲ್ಲಾರ ಪೈಕಿ ಅಲ್ಲ" ಎಂದಳು ಶಿವಕ್ಕ.

ಅವಳ ಸಂಕಟ ಬೇರೆಯೇ ಇತ್ತು. ಧಾರವಾಡದ ಕಡೆ ಮದುಮಗನ ಮೈಮೇಲಿನ ಬಟ್ಟೆ, ಅಲ್ಲಿಯ ಮಾತಿನಲ್ಲಿ ಅರಿವಿ, ಹೆಣ್ಣಿನವರೇ ಕೊಡುವುದು. ಅದಕ್ಕೆಂದೇ ಅವಳು ಜರಿಯಂಚಿನ ರೇಷ್ಮೆ ಧೋತರ ತರಿಸಿ ಕಪಾಟಿನಲ್ಲಿಟ್ಟಿದ್ದಳು. ಅಷ್ಟರಲ್ಲಿ ಸ್ಕಾಟ್ಲೆಂಡಿನಿಂದ ಕ್ಯಾಲಮ್‌ನ ತಾಯಿ ಮಾರ್ಗರೆಟ್ ಫೋನ್ ಮಾಡಿ, ಬೇರೆಲ್ಲ ನಿಮ್ಮಿಷ್ಟ, ನನ್ನ ಮಗ ತಾತನ ಕಿಲ್ಟ್ ಒಂದನ್ನಾದರೂ ಉಡಲಿ ಎಂದು ಕೇಳಿಕೊಂಡಿದ್ದಳು. ಶಿವಕ್ಕನ ಗಂಡ ಡಾಕ್ಟರ್ ನಿಜಲಿಂಗಪ್ಪನವರು "ಅದೂ ಕಚ್ಚಿ ಇಲ್ಲದ ಧೋತರ ಅಲ್ಲೇನು, ಉಡಲಿ ಬಿಡು" ಎಂದು ನಕ್ಕು ಒಪ್ಪಿಬಿಟ್ಟರು. ಧೋತರ ಕಪಾಟಿನಲ್ಲೇ ಉಳಿಯಿತು. ಈಗ ಕೋಟೂ ಬಾಡಿಗೆಯವನ ಪಾಲಾದರೆ ಅಳಿಯನ ಮೈಮೇಲೆ ತನ್ನದು ಎಂಬುದು ಏನುಳಿಯಿತು? ಇರುವವಳು ಒಬ್ಬಳೇ ಮಗಳು. ಅವಳ ಮದುವೆಯಲ್ಲೇ ತಾನು ಕರೆದು ಕೂರಿಸಿದ ನೆಂಟಳಾಗಿಬಿಡುತ್ತೇನೆಂದು ಶಿವಕ್ಕನಿಗೆ ನಿಜಕ್ಕೂ ಭಯವಾಗಿತ್ತು.

ಅದರ ಜೊತೆಗೆ ರತ್ನಾಬಾಯಿ ಇದ್ದರು. ಹುಬ್ಬಳ್ಳಿಯ ಈ ಗೆಳತಿ ಲಂಡನ್ನಿನ ಯಾವ ಕನ್ನಡದ ಮದುವೆಗೆ ಹೋದರೂ ಉಡುಗೊರೆ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಕೊಟ್ಟವರ ಕೈ ಎಷ್ಟು ದೊಡ್ಡದು ಎಂದು ಊಟದ ಸಾಲಿನಲ್ಲಿ ತೀರ್ಪು ಕೊಡುವವರು. ಆ ತೀರ್ಪಿಗೆ ಅಪೀಲು ಇರಲಿಲ್ಲ.

ಶನಿವಾರ ಶಿವಕ್ಕ ಮಗಳನ್ನೂ ಅಳಿಯನನ್ನೂ ಹೊರಡಿಸಿಕೊಂಡು ಟ್ಯೂಬ್ ರೈಲು ಹತ್ತಿದಳು. ಬಾಂಡ್ ಸ್ಟ್ರೀಟ್ ಸ್ಟೇಷನ್ನಿನ ಹಿಂದಿನ ಸಂದಿಯಲ್ಲಿ ಬರೀ ಕಿಲ್ಟು, ಅದರ ಕೋಟು ಮಾರುವ ಸಣ್ಣ ಅಂಗಡಿಯೊಂದಿತ್ತು. ಅಂಗಡಿಯ ಮುದುಕ ಮೆಕ್‌ಫೀ ಕ್ಯಾಲಮ್‌ಗೆ ಒಂದು ಕಪ್ಪು ಕೋಟು ತೊಡಿಸಿ ಹಿಂದೆ ಸರಿದು ನಿಂತ. ಶಿವಕ್ಕ ನೋಡಿದಳು. ಕೋಟು ಸೊಂಟದ ಹತ್ತಿರವೇ ಮುಗಿದುಹೋಗಿತ್ತು.

"ಉಳಿದದ್ದೆಲ್ಲಿ?" ಎಂದು ಕೇಳಿದಳು.

ಇಷ್ಟೇ ಮೇಡಂ ಎಂದ ಮೆಕ್‌ಫೀ. ಕಿಲ್ಟನ್ನು ಪ್ಯಾಂಟಿನ ಹಾಗೆ ಕೆಳಗೆ ಕಟ್ಟುವುದಿಲ್ಲ, ಹೊಕ್ಕಳಿನ ಮಟ್ಟಕ್ಕೆ ಕಟ್ಟುತ್ತಾರೆ. ಮುಂದೆ ತೊಗಲಿನ ಚೀಲ ತೂಗಬೇಕು, ಹಿಂದೆ ನೆರಿಗೆ ಕಾಣಬೇಕು. ಅದಕ್ಕೇ ಕೋಟು ಗಿಡ್ಡ. ಮುದುಕ ನಿಧಾನವಾಗಿ ಬಿಡಿಸಿ ಹೇಳಿದ. ಶಿವಕ್ಕ ಪೂರ್ತಿ ಕೇಳಿಸಿಕೊಂಡು, ಮಗಳ ಕಡೆ ತಿರುಗಿ ಕನ್ನಡದಲ್ಲಿ ತನ್ನ ನಿರ್ಧಾರ ತಿಳಿಸಿದಳು.

"ಅರಿವಿ ಉಳಸಾಕ ಹಿಂಗ ಹೇಳ್ತಾನ. ತಮ್ಮನ ಕೋಟು ಅಣ್ಣ ಹಾಕ್ಕೊಂಡಂಗ ಐತಿ. ರತ್ನಾಬಾಯಿ ನೋಡಿದ್ರ ನನ್ನ ಮುಖಕ್ಕ ಉಗುಳ್ತಾಳ. ನಡೀರಿ ವೆಂಬ್ಲಿಗೆ."

ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ಉದ್ದಕ್ಕೆ ಬರವಿರಲಿಲ್ಲ. ಅಲ್ಲಿಯ ಅಂಗಡಿಯಾತ ಎಷ್ಟು ಉದ್ದ ಬೇಕೋ ಅಷ್ಟು ಇದೆ ಎಂದು ಕೋಟುಗಳನ್ನು ಒಂದರ ಮೇಲೊಂದು ಎಳೆದು ಹಾಕಿದ. ಶಿವಕ್ಕ ಕಪ್ಪು ಉಣ್ಣೆಯ ಬಂದ್‌ಗಲಾ ಕೋಟು ಆರಿಸಿದಳು. ಒಳ್ಳೆಯ ಬಟ್ಟೆ, ಗಟ್ಟಿ ಹೊಲಿಗೆ, ಕೊರಳಿನಿಂದ ಕೆಳಗಿನವರೆಗೆ ಹೊಳೆಯುವ ಬಂಗಾರ ಬಣ್ಣದ ಗುಂಡಿಗಳು. ಉದ್ದವಂತೂ ಮೊಣಕಾಲಿಗೆ ಸ್ವಲ್ಪ ಮೇಲೆ. ಕ್ಯಾಲಮ್ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, ತುಂಬಾ ಚೆನ್ನಾಗಿದೆ, ಥ್ಯಾಂಕ್ಯೂ ಎಂದ. ಮಾಳವಿಕಾ ಅವನನ್ನು ದುರುಗುಟ್ಟಿ ನೋಡಿದಳು.

ಮನೆಗೆ ಬಂದು ಕಿಲ್ಟಿನ ಮೇಲೆ ಕೋಟು ತೊಟ್ಟಾಗ ವಿಷಯ ಬಯಲಾಯಿತು. ನೆರಿಗೆಯೂ ಇಲ್ಲ, ಚೀಲವೂ ಇಲ್ಲ. ಕೋಟಿನ ಕೆಳಗೆ ನಾಲ್ಕು ಬೆರಳಷ್ಟು ಕೆಂಪು ಹಸಿರು ಪಟ್ಟೆ ಮಾತ್ರ, ಸೀರೆಯ ಕೆಳಗೆ ಪರಕಾರ ಇಣುಕಿದ ಹಾಗೆ. ಪೇಪರ್ ಓದುತ್ತಿದ್ದ ನಿಜಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಲ್ಲಾ, ಇವಾ ಕೆಳಗ ಏನರ ಉಟ್ಟಾನೋ ಇಲ್ಲೋ ಅಂತ ಮಂದಿ ಅನುಮಾನ ಪಡ್ತಾರಲ್ಲೇ."

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರ. ನೋಡೋರಿಗೆ ತುಂಬಿದಂಗ ಕಾಣಬೇಕು" ಎಂದಳು ಶಿವಕ್ಕ. ಬಾಯಲ್ಲಿ ಹಾಗೆಂದರೂ ಅವಳ ಕಣ್ಣಿಗೂ ಅದು ಹಿಡಿಸಿರಲಿಲ್ಲ. ಆದರೆ ಅಳಿಯ ಕೋಟು ಬೇಡವೆನ್ನಲಿಲ್ಲವಲ್ಲ! ಅವನು ಬೇಡವೆಂದಿದ್ದರೆ ಜಗಳವಾಡಬಹುದಿತ್ತು. ಆ ಪುಣ್ಯಾತ್ಮ ಇದನ್ನೇ ಹಾಕಿಕೊಳ್ಳುತ್ತೇನೆ ಎಂದು ನಗುತ್ತ ನಿಂತಿದ್ದ.

ಕಿಲ್ಟಿಗೆ ಇಸ್ತ್ರಿ ಮಾಡಿಕೊಡುತ್ತೇನೆಂದು ಅವಳೇ ಇಸಿದುಕೊಂಡಳು. ಮೇಜಿನ ಮೇಲೆ ಹರಡಿ ನೆರಿಗೆ ಒಂದೊಂದಾಗಿ ಕೂರಿಸುತ್ತ ಬಟ್ಟೆಯನ್ನು ಒಳಮಗ್ಗುಲು ತಿರುವಿದಳು. ತಿರುವಿದವಳು ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. ಅಷ್ಟೂ ಕೈಹೊಲಿಗೆ. ಎಳ್ಳಿನಷ್ಟು ಸಣ್ಣ ಹೊಲಿಗೆ, ಒಂದೂ ಸಾಲು ತಪ್ಪಿರಲಿಲ್ಲ. ಹೊರಗಿನಿಂದ ನೋಡಿದರೆ ಪ್ರತಿ ನೆರಿಗೆಯ ನಡುಮಧ್ಯಕ್ಕೇ ಕೆಂಪು ಗೆರೆ ಬಂದು ಕೂತಿತ್ತು. ಮನೆಯಲ್ಲೇ ಕುಪ್ಪಸ ಹೊಲಿದುಕೊಳ್ಳುವ ಶಿವಕ್ಕನಿಗೆ ಇದೆಂಥ ಕೆಲಸ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಇದನ್ನ ಯಾರು ಹೊಲಿದದ್ದು?"

ಅವನಮ್ಮ, ಎಂದಳು ಮಾಳವಿಕಾ. ತಾತನ ಕಿಲ್ಟಿಗೆ ನುಸಿ ಹಿಡಿದಿತ್ತು. ಮಾರ್ಗರೆಟ್ ಚಳಿಗಾಲವಿಡೀ ಕೂತು, ಇದ್ದ ನೆರಿಗೆಯನ್ನೆಲ್ಲ ಬಿಚ್ಚಿ, ತೂತಾದ ಜಾಗ ಒಳಗೆ ಹೋಗುವಂತೆ ಹೊಸದಾಗಿ ಹಿಡಿದು ಹೊಲಿದಿದ್ದಳು. ಅವಳಿಗೆ ಕಣ್ಣು ಬೇರೆ ಮಂಜು.

ಶಿವಕ್ಕ ಕುರ್ಚಿಯ ಮೇಲೆ ಕೂತುಬಿಟ್ಟಳು. ಆ ಹೆಂಗಸಿಗೂ ಮಗನ ಮೈಮೇಲೆ ಹಾಕಲು ಇದ್ದದ್ದು ಇದೊಂದೇ. ತಾನು ಹೋಗಿ ಅದರ ಮುಂದೆ ಕರೀ ಪರದೆ ಇಳಿಬಿಟ್ಟಿದ್ದಳು. ಅವಳಿಗೆ ನಾಚಿಕೆಯಾಯಿತು.

"ನಾಳಿ ಆ ಮುದುಕನ ಅಂಗಡಿ ತೆಗೆದಿರ್ತೈತೇನು?" ಎಂದು ಕೇಳಿದಳು.

ಭಾನುವಾರ ತೆಗೆದಿರಲಿಲ್ಲ, ಸೋಮವಾರ ತೆಗೆದಿತ್ತು. ಮೆಕ್‌ಫೀ ಹಳೆಯದೇನನ್ನೂ ಎತ್ತದೆ ಅದೇ ಗಿಡ್ಡ ಕೋಟು ತಂದು ಕ್ಯಾಲಮ್‌ಗೆ ತೊಡಿಸಿದ. ಶಿವಕ್ಕ ಸೋತು ಬಂದವಳ ಹಾಗಿರದೆ ತಪಾಸಣೆಗೇ ನಿಂತಳು. ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ಕೂತಿದೆಯೇ ಎಂದು ಒತ್ತಿ ನೋಡಿದಳು. ತಾಳಿ ಕಟ್ಟುವ ಹಾಗೆ ಕೈ ಎತ್ತಿಸಿದಳು. ಕುರ್ಚಿಯ ಮೇಲೆ ಕೂರಿಸಿ ಎಬ್ಬಿಸಿದಳು. ಆಮೇಲೆ ಮೆಕ್‌ಫೀಯತ್ತ ಕೈ ತೋರಿಸಿ, "ಅವರ ಕಾಲಿಗೆ ಬೀಳು" ಎಂದಳು.

ಕ್ಯಾಲಮ್ ಬಗ್ಗಿ ಕಾಲು ಮುಟ್ಟಿದ. ಕೋಟಿನ ಒಳಗೆ ತೊಟ್ಟ ತೋಳಿಲ್ಲದ ವೇಸ್ಟ್‌ಕೋಟಿನ ಗುಂಡಿ ಕಿತ್ತು ಬರುವಷ್ಟು ಬಿಗಿಯಿತು. ನಲವತ್ತು ವರ್ಷದಿಂದ ಕೋಟು ಮಾರುತ್ತಿದ್ದ ಮೆಕ್‌ಫೀಗೆ ಈ ಪರೀಕ್ಷೆ ಹೊಸದು. ಎರಡು ಹೆಜ್ಜೆ ಹಿಂದೆ ಸರಿದು, ಇದೇನೆಂದು ಮಾಳವಿಕಾಳನ್ನು ಕೇಳಿದ.

"ಮದುವಿ ದಿನ ಎಷ್ಟು ಹಿರೇರಿಗೆ ಬಗ್ಗಬೇಕು ಇವಾ! ಒಂದು ಸೈಜ್ ದೊಡ್ಡದು ಕೊಡ್ರಿ" ಎಂದಳು ಶಿವಕ್ಕ. ದೊಡ್ಡದು ಬಂತು. ಕ್ಯಾಲಮ್ ಮತ್ತೆ ಬಿದ್ದ. ಈ ಸಲ ಮೆಕ್‌ಫೀ ಅವನ ತಲೆಯ ಮೇಲೆ ಕೈಯಿಟ್ಟು, ಸುಖವಾಗಿರಪ್ಪ ಎಂದು ತನ್ನ ಭಾಷೆಯಲ್ಲಿ ಹರಸಿದ.

ಕೊನೆಗೆ ಗುಂಡಿ. ಕೋಟಿನ ಗುಂಡಿಗಳನ್ನು ಕೊಳ್ಳುವವರಿಗೆ ಬೇಕಾದಂತೆ ಬದಲಿಸಿಕೊಡುತ್ತಿದ್ದರು. ಶಿವಕ್ಕನ ಮನಸ್ಸಿನಲ್ಲಿ ಇನ್ನೂ ಬಂಗಾರವೇ ಇತ್ತು. ಬೆಲ್ಟಿನ ಬಕಲ್ಲು, ಚೀಲದ ಪಟ್ಟಿ ಬೆಳ್ಳಿ ಬಣ್ಣದವು, ಗುಂಡಿಯೂ ಅದಕ್ಕೆ ಹೊಂದಬೇಕು ಎಂದ ಮೆಕ್‌ಫೀ. ಅವಳು ಥಟ್ಟನೆ ಒಪ್ಪಿದಳು. ಅವನು ಮುಳ್ಳುಗಿಡದ ಹೂವಿನ ಚಿತ್ರವಿದ್ದ ಗುಂಡಿಗಳನ್ನು ಮುಂದಿಟ್ಟು, ಇದು ನಮ್ಮ ನಾಡಿನ ಹೂ ಎಂದ. "ಮದುವಿ ದಿನ ಎದಿ ಮ್ಯಾಲ ಮುಳ್ಳು ಬ್ಯಾಡ" ಎಂದು ಶಿವಕ್ಕ ಚಿತ್ರವಿಲ್ಲದ ಚೌಕ ಗುಂಡಿ ಆರಿಸಿದಳು. ಉದ್ದ ಕೋಟು ನಿಜಲಿಂಗಪ್ಪನವರ ಪಾಲಿಗೆ ಬಂತು. ಈಗ ಅದನ್ನು ಹೊಟ್ಟೆಯ ಹತ್ತಿರ ಸ್ವಲ್ಪ ಬಿಚ್ಚಿಸುವ ಕೆಲಸ ಉಳಿಯಿತು.

ಮದುವೆ ವೆಂಬ್ಲಿಯ ಒಂದು ಸಭಾಂಗಣದಲ್ಲಿ ನಡೆಯಿತು. ಅಕ್ಕಿಕಾಳು ಬಿದ್ದು, ವರ ಎಲ್ಲರ ಕಾಲಿಗೂ ಬಿದ್ದು ಎದ್ದ. ಒಂದು ಗುಂಡಿಯೂ ಸಡಿಲವಾಗಲಿಲ್ಲ. ಆಗ ರತ್ನಾಬಾಯಿ ಇಳಕಲ್ ಸೆರಗು ಸರಿಮಾಡಿಕೊಳ್ಳುತ್ತ ಬಂದು, ಅಳಿಯನ ಕೋಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದರು.

"ಶಿವಕ್ಕಾ, ಇರೋನು ಒಬ್ಬ ಅಳಿಯಾ. ಅವಗೂ ಅರಿವಿ ಕಡಿಮಿ ಬಿತ್ತೇನವಾ?"

ಸುತ್ತಲಿದ್ದ ಹೆಂಗಸರು ನಕ್ಕರು. ನಿಜಲಿಂಗಪ್ಪನವರು ನೆಲ ನೋಡಿದರು. ಇಷ್ಟು ದಿನ ಶಿವಕ್ಕ ಹೆದರಿದ್ದು ಇದೇ ಮಾತಿಗೆ. ಅದು ಬಂದೇ ಬಂತು, ಆದರೆ ಅವಳಿಗೆ ಸಿಟ್ಟು ಬರಲಿಲ್ಲ.

"ಕಡಿಮಿ ಬಿದ್ದಿಲ್ಲ, ರತ್ನಾಬಾಯಿ. ನಾನ ಬೇಕಂತ ಅಲ್ಲಿಗೆ ನಿಲ್ಲಿಸೀನಿ" ಎಂದು ಕ್ಯಾಲಮ್‌ನ ತೋಳು ಹಿಡಿದು ಹಿಂದುಮುಂದಾಗಿ ತಿರುಗಿಸಿದಳು. "ಕೆಳಗ ನೋಡ್ರಿ."

ರತ್ನಾಬಾಯಿ ಚುಚ್ಚುಮಾತಿನವರು ನಿಜ, ಆದರೆ ಬಟ್ಟೆಯ ವಿಷಯದಲ್ಲಿ ಸುಳ್ಳು ಹೇಳುವವರಲ್ಲ. ಕನ್ನಡಕ ಏರಿಸಿಕೊಂಡು ಬಗ್ಗಿ, ನೆರಿಗೆಯ ಮೇಲೆ ಬೆರಳಾಡಿಸಿದರು. ಒಂದು ನೆರಿಗೆಯ ಅಂಚು ಬಿಡಿಸಿ ನೋಡಿದರು.

"ಕೈ ಹೊಲಿಗಿ ಅದ" ಎಂದರು. "ಯಾರ ಕೈಯಿದು?"

ಶಿವಕ್ಕ ಸುತ್ತ ನೋಡಿದಳು. ಮಾರ್ಗರೆಟ್ ಗೋಡೆಯ ಹತ್ತಿರ ಒಬ್ಬಳೇ ನಿಂತಿದ್ದಳು. ತಲೆಯ ಮೇಲೆ ನೀಲಿ ಟೋಪಿ, ಕೈಯಲ್ಲಿ ಯಾರೋ ಕೊಟ್ಟ ತಾಂಬೂಲದ ಚೀಲ, ಎಲ್ಲಿ ನಿಲ್ಲಬೇಕೆಂದು ತಿಳಿಯದ ಮುಖ. ಸ್ವಂತ ಮಗನ ಮದುವೆಗೆ ಕರೆಸಿಕೊಂಡು ಬಂದ ನೆಂಟಳ ಹಾಗಿದ್ದಳು. ಶಿವಕ್ಕ ದಡದಡ ಹೋಗಿ ಅವಳ ಕೈ ಹಿಡಿದು, ಆ ಹೆಂಗಸರ ನಡುವೆ ಕರೆತಂದು ನಿಲ್ಲಿಸಿದಳು.

"ಇವರದು" ಎಂದಳು. "ನಮ್ಮ ಬೀಗತಿ. ಅಳಿಯಗ ನಾವಿಬ್ಬರೂ ಕೂಡಿ ಅರಿವಿ ಮಾಡೀವಿ."