ಪಂಚಪ್ಪನ ತಾಜ್ ಮಹಲ್

ಪಂಚಪ್ಪನ ಮಾತನ್ನ ಚಿಕ್ಕಬಾಣಾವರದಲ್ಲಿ ಯಾರೂ ನಂಬ್ತಿರ್ಲಿಲ್ಲ. ಅದೇ ಅವನ ದೊಡ್ಡ ಆಸ್ತಿ. ನಂಬೋರಿದ್ರೆ ಕತೆ ಹೇಳೋನಿಗೆ ಕೈಕಾಲು ಕಟ್ಟಾಕ್ದಂಗೆ. ನಂಬದೇ ಇರೋರ ಮುಂದೆ ಆನೇನೂ ಎಲೆಅಡಿಕೆ ಚೀಲಕ್ಕೆ ತುಂಬ್ಬಹುದು ನೋಡಿ.

ಬೆಳಗ್ಗೆ ತುಮಕೂರು ಕಡೆಯಿಂದ ಬರೋ ಪ್ಯಾಸೆಂಜರ್ ಗಾಡೀಲಿ ಯಶವಂತಪುರಕ್ಕೆ ಹೋಗೋ ಜನ, ಟವಲ್ ಹಾಕಿ ಅವನಿಗೆ ಸೀಟು ಹಿಡೀತಿದ್ರು. ರೋಣದ ಕಡೆ ಅವನ ಹಳ್ಳೀಲಿ ಒಂದು ಬದನೆಕಾಯಿ ಕಿತ್ರೆ ಮನೆಗೆ ಎಳ್ಕೊಂಡು ಬರೋಕೆ ಎರಡು ಜೋಡಿ ಎತ್ತು ಬೇಕಂತೆ. ಅವನ ಅಜ್ಜಿ ಸಾಕಿದ್ದ ಕೋಳಿ ಗೌಡರ ಕೈಗಡಿಯಾರ ನುಂಗ್ಬಿಟ್ಟು, ಸಾಯೋವರೆಗೂ ಗಂಟೆ ತಪ್ಪದೆ ಕೂಗ್ತಿತ್ತಂತೆ. ಹನ್ನೆರಡಾದ್ರೆ ಹನ್ನೆರಡು ಸಲ, ಪಾಪ, ಆಮೇಲೆ ಸುಸ್ತಾಗಿ ಮಲಗ್ತಿತ್ತಂತೆ. ಜನ ನಗ್ತಾ ಇರೋವಾಗ್ಲೇ ಯಶವಂತಪುರ ಬಂದ್ಬಿಡೋದು.

ಅಲ್ಲೊಂದು ಪ್ರೆಸ್ಸಲ್ಲಿ ಅವನು ಕಟಿಂಗ್ ಮಷೀನ್ ಹೆಲ್ಪರ್. ಓದಿದ್ದು ಮೂರನೇ ಕ್ಲಾಸು, ಅದೂ ಅರ್ಧ. ಪ್ರೆಸ್ಸಲ್ಲಿ ಅಚ್ಚಾಗ್ತಿದ್ದಿದ್ದು ಲಗ್ನಪತ್ರಿಕೆ, ಊದಿನಕಡ್ಡಿ ಪೊಟ್ಟಣ, ವರ್ಷಕ್ಕೊಂದ್ಸಲ ಕ್ಯಾಲೆಂಡರು. ಮನೇಲಿ ಅವನ ಜೊತೆ ಇದ್ದಿದ್ದು ಗಂಡನ್ನ ಕಳ್ಕೊಂಡ ಅಕ್ಕ ಪಾರವ್ವ, ಅವಳ ಮಗಳು ಚಂದ್ರವ್ವ. ಪಂಚಪ್ಪ ಮದುವೆ ಆಗಿರ್ಲಿಲ್ಲ. ಯಾಕೆ ಅಂತ ಕೇಳಿದ್ರೆ ಅದಕ್ಕೂ ಏಳು ಕತೆ ಇತ್ತು.

ಎಪ್ಪತ್ತೊಂಬತ್ತನೇ ಇಸವಿ. ಚಂದ್ರವ್ವಂಗೆ ಎಸ್ಸೆಸ್ಸೆಲ್ಸಿ. ಗಡಿಯಾರ ಜೋಡಿಸೋ ಫ್ಯಾಕ್ಟರಿಯೊಂದ್ರಲ್ಲಿ ಆ ವರ್ಷ ಜೂನಲ್ಲಿ ಪಾಸಾದ ಹುಡುಗೀರನ್ನ ಕೆಲಸಕ್ಕೆ ತಗೋತಾರೆ ಅಂತ ಸುದ್ದಿ. ಚಂದ್ರವ್ವನ ಬೆರಳು ಅಂದ್ರೆ ಬೆರಳು. ಕಣ್ಮುಚ್ಚಿ ಸೂಜಿಗೆ ದಾರ ಪೋಣಿಸೋಳು, ಇದು ಮಾತ್ರ ಪಂಚಪ್ಪನ ಕತೆ ಅಲ್ಲ, ನಿಜ. ಬೇರೆ ಎಲ್ಲಾ ಸಬ್ಜೆಕ್ಟಲ್ಲೂ ದಾಟ್ತಾಳೆ, ಇಂಗ್ಲಿಷ್ ಒಂದೇ ಹಳ್ಳ. ಅದರಲ್ಲೂ ಪ್ರಬಂಧ. ಹದಿನೈದು ಮಾರ್ಕು ಅದಕ್ಕೇ.

ಸ್ಕೂಲಲ್ಲಿ ವೆಂಕಟರಾಮಯ್ಯ ಮೇಷ್ಟ್ರು ಅವಳಿಗೊಂದು ದಾರಿ ತೋರ್ಸಿದ್ರು. ಬಾಯಿಪಾಠ ಮಾಡ್ಬೇಡ, ಗೈಡು ಮುಟ್ಬೇಡ ಅಂದಿದ್ರು. ದಿನಾ ಕಣ್ಣಾರೆ ಕಂಡಿದ್ದು ಯಾವ್ದಾದ್ರೂ ಒಂದು ತಗೋ. ಪಕ್ಕದಲ್ಲಿ ನಾಲ್ಕು ಪಾಯಿಂಟು ಗುರುತಾಕ್ಕೋ. ಒಂದೊಂದು ಪಾಯಿಂಟಿಗೆ ಮೂರು ಸಣ್ಣ ಸಣ್ಣ ವಾಕ್ಯ. ಉದ್ದ ವಾಕ್ಯಕ್ಕೆ ಹೋದ್ರೆ ಹಗ್ಗ ಇಲ್ದೆ ಬಾವಿಗಿಳಿದಂಗೆ. ಹಂಗೇ ಹಿಂದಿನ ವರ್ಷದ ಜುಲೈಯಿಂದ ದಿನಾ ಬರ್ದಿದ್ಲು ಹುಡುಗಿ. ಪ್ರೆಸ್ಸಲ್ಲಿ ಕತ್ತರಿಸಿ ಉಳಿದ ಕಾಗದ ತಂದು ಪಂಚಪ್ಪನೇ ನೋಟ್ಸ್ ಬುಕ್ಕು ಹೊಲ್ಕೊಟ್ಟಿದ್ದ. ನಲ್ಲಿ ಹತ್ರದ ಜಗಳ, ಕೋಳಿ ಮರಿ ಮಾಡಿದ್ದು, ಸ್ಟೇಷನ್ನಲ್ಲಿ ಗಾಡಿ ಕಾಯೋದು, ಎಲ್ಲಾ ಇತ್ತು ಅದ್ರಲ್ಲಿ. ಸ್ಟೇಷನ್ ಬಗ್ಗೆ ಬರ್ದಿದ್ದಕ್ಕೆ ಮೇಷ್ಟ್ರು ಕೆಂಪು ಶಾಯೀಲಿ 'ಗುಡ್' ಅಂತ ಹಾಕಿದ್ರು.

ಅದನ್ನವಳು ಓದಿ, ಮಾಮನಿಗೆ ಕನ್ನಡದಲ್ಲಿ ಅರ್ಥ ಹೇಳಿದ್ಲು. ಬೆಂಚು, ಸಿಗ್ನಲ್ಲು, ಕಡ್ಲೆಕಾಯಿ ಮಾರೋ ಮುದುಕಿ. ಪಂಚಪ್ಪಂಗೆ ಸಪ್ಪೆ ಅನ್ನಿಸ್ತು. "ಒಂದು ಹುಲಿನಾದ್ರೂ ಗಾಡಿ ಇಳೀಲಿ ಬಿಡವ್ವಾ" ಅಂದ. "ಇದ್ದದ್ದು ಇದ್ದಂಗ ಬರೀಬೇಕಂತ ಮಾಮಾ" ಅಂತ ಅವಳು ನಕ್ಕಿದ್ಲು.

ಮಾರ್ಚ್ ತಿಂಗಳು, ಪರೀಕ್ಷೆಗೆ ಹನ್ನೆರಡು ದಿನ ಇತ್ತು. ಪ್ರೆಸ್ಸಿಗೆ ಒಂದು ಗಂಟು ಬಂತು. ಕಂದು ಕಾಗದ, ಸೆಣಬಿನ ದಾರ, ಮೇಲೆ ಅರಗಿನ ಮೊಹರು. ಒಳಗಿದ್ದಿದ್ದು ಯಾವುದೋ ಸೊಸೈಟಿಯ ವಾರ್ಷಿಕ ವರದಿ, ಅಚ್ಚು ಹಾಕೋಕೆ. ಆದ್ರೆ ಮೊಹರು ನೋಡಿದ ಮೇಲೆ ಪಂಚಪ್ಪನ ನಾಲಿಗೆ ಸುಮ್ನಿರುತ್ತಾ. ಸಾಯಂಕಾಲ ನಲ್ಲಿ ಹತ್ರ ಸಾಲಲ್ಲಿ ನಿಂತ್ಕೊಂಡು, ದನಿ ತಗ್ಗಿಸಿ ಶುರು ಮಾಡ್ದ. ಪೊಲೀಸ್ನೋರು ಜೀಪಲ್ಲಿ ತಂದಿಳಿಸಿದ್ರಂತೆ. ಓನರ್ರು ಎಲ್ಲರನ್ನೂ ಆಚೆ ಕಳಿಸಿ, ಇವನೊಬ್ಬನ್ನೇ ನಂಬಿ ಒಳಗೆ ಉಳಿಸ್ಕೊಂಡ್ರಂತೆ. ಗಂಟಲ್ಲಿರೋದು ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪೇಪರ್ರಂತೆ.

ಪಕ್ಕದ್ಮನೆ ಮುನಿಕೆಂಪಮ್ಮನ ಮಗಳೂ ಅದೇ ಕ್ಲಾಸು. ಆಯಮ್ಮ ಕೊಡ ಕೆಳಗಿಟ್ಟು, ಪ್ರಬಂಧ ಯಾವ್ದು ಬಂದೈತೆ ಅಂತ ಕೇಳಿದ್ಲು. ಪಂಚಪ್ಪಂಗೆ ಆ ವರ್ಷ ಪ್ರೆಸ್ಸಲ್ಲಿ ಹೊಡೆದ ಕ್ಯಾಲೆಂಡರ್ ಚಿತ್ರ ಕಣ್ಣಿಗೆ ಬಂತು.

"ತಾಜ್ ಮಹಲ್ಲು" ಅಂದ. "ದಪ್ಪಕ್ಷರದಲ್ಲಿ."

ಜನ ನಗ್ತಾರೆ, ತಾನೂ ನಗೋದು ಅಂತ ಕಾದ. ಯಾರೂ ನಗ್ಲಿಲ್ಲ. ಇಷ್ಟು ವರ್ಷದಲ್ಲಿ ಅವನ ಮಾತು ಕೇಳಿ ನಲ್ಲಿ ಸಾಲು ಗಪ್‌ಚುಪ್ ಆಗಿದ್ದು ಅದೇ ಮೊದ್ಲು. ಮುನಿಕೆಂಪಮ್ಮ ಅವನ ಕೊಡಾನ ತಾನೇ ಮುಂದಕ್ಕಿಟ್ಟು, ನೀವು ಮೊದ್ಲು ಹಿಡ್ಕಳಿ ಅಂದ್ಲು. ಹದಿನಾಲ್ಕು ವರ್ಷದಿಂದ 'ಏನೋ ಪಂಚಪ್ಪ' ಅಂತಿದ್ದೋಳ ಬಾಯಲ್ಲಿ ಅವತ್ತು 'ನೀವು' ಬಂತು.

ಅಷ್ಟೊತ್ತಿಗೆ ಚಂದ್ರವ್ವ ಬಂದು ಅವನ ತೋಳು ಹಿಡಿದ್ಲು. ಮೆಲ್ಲಗೆ ಕೇಳಿದ್ಲು.

"ಮಾಮಾ, ಖರೇನಾ?"

ಅಲ್ಲೇ ಹೇಳ್ಬಹುದಾಗಿತ್ತು. ಒಂದು ಕಣ್ಣು ಹೊಡೆದಿದ್ರೂ ಸಾಕಾಗಿತ್ತು, ಆ ಹುಡುಗಿಗೆ ಅರ್ಥ ಆಗ್ತಿತ್ತು. ಆದ್ರೆ ಹಿಂದೆ ಐದಾರು ಜನ ಹೆಂಗಸರು ದೇವರನ್ನ ನೋಡ್ದಂಗೆ ನೋಡ್ತಾ ನಿಂತಿದ್ರು.

"ನಿನಗ ಸುಳ್ಳು ಹೇಳ್ತೀನೇನವ್ವಾ" ಅಂದ್ಬಿಟ್ಟ ಪಂಚಪ್ಪ.

ಮಾರನೇ ದಿನದಿಂದ ಬೀದೀಲಿ ತಾಜ್ ಮಹಲ್ ಕಟ್ಟೋ ಕೆಲಸ ಶುರುವಾಯ್ತು. ಯಾರದೋ ಗೈಡಲ್ಲಿ ಮೂರು ಪುಟ ಇತ್ತು. ಅದನ್ನ ಎಂಟು ಮನೇಲಿ ಕಾಪಿ ಮಾಡ್ಕೊಂಡ್ರು. ಬಾಗಿಲು ಬಾಗಿಲಲ್ಲೂ ಯಮುನಾ ನದಿ ಹರೀತು, ಕಿಟಕಿ ಕಿಟಕಿಯಿಂದ ಅಮೃತಶಿಲೆ ಉದುರ್ತು. ಚಂದ್ರವ್ವ ರೋಣ, ಚಿಕ್ಕಬಾಣಾವರ ಬಿಟ್ಟು ಆಚೆ ಯಾವತ್ತೂ ನೋಡ್ದೋಳಲ್ಲ. ಎರಡು ದಿನ ಅವಳು ನೋಟ್ಸ್ ಬುಕ್ಕು ಬಿಡ್ಲಿಲ್ಲ. ಪಾರವ್ವ ಕಿತ್ಕೊಂಡು ಅಟ್ಟದ ಮೇಲಿಟ್ಲು. ಒಡಹುಟ್ಟಿದೋನು ಜೀವ ಒತ್ತೆಯಿಟ್ಟು ಸುದ್ದಿ ತಂದಾನ, ನೀ ಕೋಳಿಮರಿ ಬರ್ಕೋತ ಕುಂತೀಯಾ ಅಂತ ಬೈದ್ಲು. ಮೇಷ್ಟ್ರ ಹತ್ರ ಹೋಗ್ಕೂಡ್ದು, ಗುಟ್ಟು ಒಡೀತದೆ ಅಂದ್ಲು.

ಆರು ದಿನ ಪಂಚಪ್ಪಂಗೆ ಊಟ ರುಚಿಸ್ಲಿಲ್ಲ. ರೈಲಲ್ಲಿ ಕತೆ ಬರ್ಲಿಲ್ಲ. ಆ ಹುಡುಗಿ ಕಣ್ಮುಚ್ಕೊಂಡು ಉಸಿರು ಬಿಡ್ದೆ, ಅರ್ಥ ಆಗದ ಉದ್ದುದ್ದ ವಾಕ್ಯ ಒಪ್ಪಿಸೋದು ಕೇಳಿ ಕೇಳಿ, ಏಳನೇ ದಿನ ಅಕ್ಕನ ಮುಂದೆ ಕೂತ್ಕೊಂಡ.

"ಅಕ್ಕಾ, ನಾ ಹೇಳಿದ್ದು ಬರೇ ಸುಳ್ಳು. ಪೇಪರ್ ಗೀಪರ್ ಏನೂ ಬಂದಿಲ್ಲ."

ಪಾರವ್ವ ರೊಟ್ಟಿ ತಟ್ಟೋದು ನಿಲ್ಲಿಸಿ ಅವನ ಮುಖ ನೋಡಿದ್ಲು. ಅವಳ ಕಣ್ಣಲ್ಲಿ ನೀರು ಬಂತು.

"ಯಾರರ ಬೆದರಿಕಿ ಹಾಕ್ಯಾರೇನೋ ತಮ್ಮಾ? ಅಂಜಬ್ಯಾಡ. ನಾ ಸತ್ರೂ ಬಾಯಿ ಬಿಡಂಗಿಲ್ಲ."

ಅವನು ಆಣೆ ಹಾಕ್ದ. ಆಣೆ ಹಾಕಿದಷ್ಟೂ ಅವಳು ತಲೆದೂಗಿದ್ಲು. ಚಂದ್ರವ್ವಂಗೆ ಹೇಳಿದ್ರೆ ಅವಳು ತಾಯಿ ಮುಖ ನೋಡಿದ್ಲು. ತಾಯಿ ಕಣ್ಸನ್ನೆ ಮಾಡಿದ್ಲು. ಮುನಿಕೆಂಪಮ್ಮನ ಮನೆಗೂ ಹೋದ. ಆಯಮ್ಮ ಬಾಗಿಲು ಹಾಕ್ಕೊಂಡು, ಪಿಸುಮಾತಲ್ಲಿ, ಸಿಕ್ಕಾಕ್ಕೊಂಡೋನು ಯಾವನಾದ್ರೂ ಒಪ್ಕತಾನೇನಪ್ಪ, ನಮಗೆ ಗೊತ್ತಾಗಲ್ವಾ ಅಂದು ಒಂದು ಲೋಟ ಕಾಫಿ ಕೊಟ್ಟು ಕಳಿಸಿದ್ಲು. ಕೋಳಿ ಗಡಿಯಾರ ನುಂಗಿದ್ದನ್ನ ನಂಬದೇ ಇದ್ದ ಜನ ಈಗ ನಿಜಾನೂ ನಂಬ್ಲಿಲ್ಲ.

ಮೇಷ್ಟ್ರ ಮನೆಗೆ ಹೋಗಿ ಕಾಲಿಗೆ ಬಿದ್ದಿದ್ರೆ ಅವರೊಂದು ಮಾತು ಹೇಳೋರೇನೋ. ಅವರ ಬಾಗಿಲವರೆಗೂ ಹೋದ. ನಾಚಿಕೆಯಾಗಿ ವಾಪಸ್ ಬಂದ. ಆ ಬಾಗಿಲು ಅವನಿಗೆ ಇವತ್ತಿಗೂ ಕನಸಲ್ಲಿ ಬರುತ್ತಂತೆ.

ಪರೀಕ್ಷೆ ದಿನ ಸ್ಕೂಲ್ ಗೇಟಿನ ಹತ್ರ ಹುಣಸೇಮರದ ಕೆಳಗೆ ಕಾದ. ಬೆಲ್ ಹೊಡೀತು. ಮಕ್ಕಳು ಬಂದ್ರು. ಚಂದ್ರವ್ವ ಕೊನೇಲಿ ಬಂದ್ಲು. ಅಳ್ತಿರ್ಲಿಲ್ಲ. ಅದೇ ಕಷ್ಟ ಆಗಿದ್ದು.

ಪ್ರಬಂಧಕ್ಕೆ ಬಂದಿದ್ದು 'ರೈಲ್ವೆ ಸ್ಟೇಷನ್ನಲ್ಲಿ ಒಂದು ಗಂಟೆ'. ಅವಳೇ ಬರ್ದು 'ಗುಡ್' ಹಾಕಿಸ್ಕೊಂಡಿದ್ದು. ಪ್ರಶ್ನೆ ನೋಡಿದ ತಕ್ಷಣ ಖುಷಿನೇ ಆಯ್ತಂತೆ. ಬೆಂಚು ನೆನಪು ಮಾಡ್ಕೊಂಡ್ರೆ ಅಮೃತಶಿಲೆ ಬಂತಂತೆ, ಮುದುಕಿ ಅಂದ್ರೆ ರಾಣಿ ಬಂದ್ಲಂತೆ. ಅಷ್ಟು ದಿನ ತುಂಬಿದ್ದೆಲ್ಲ ಬಾಗಿಲಿಗೆ ಅಡ್ಡ ನಿಂತಿತ್ತು, ಹಿಂದಿದ್ದ ಅವಳ ಸ್ವಂತ ಮಾತಿಗೆ ಆಚೆ ಬರೋಕೆ ಜಾಗ ಇರ್ಲಿಲ್ಲ. ಐದು ಸಾಲು ಬರ್ದು ಹೊಡೆದ್ಹಾಕಿದ್ಲು. ಆಮೇಲೆ ಬೆಲ್ಲು.

ಜೂನಲ್ಲಿ ನ್ಯೂಸ್ ಪೇಪರಲ್ಲಿ ಪಾಸಾದೋರ ನಂಬರ್ ಬಂತು. ಬೀದಿಯ ಎಂಟು ಜನದಲ್ಲಿ ಮೂರು ನಂಬರ್ರು. ಅವಳದಿರ್ಲಿಲ್ಲ. ಇಂಗ್ಲಿಷಲ್ಲಿ ಮೂವತ್ತು, ಐದು ಮಾರ್ಕು ಕಮ್ಮಿ. ಮುನಿಕೆಂಪಮ್ಮನ ಮಗಳು ಹೆಂಗೋ ದಾಟಿದ್ಲು, ಗಡಿಯಾರ ಫ್ಯಾಕ್ಟರಿಗೂ ಸೇರಿದ್ಲು. ಯಾರೂ ಪಂಚಪ್ಪನ್ನ ಬೈಲಿಲ್ಲ. ಕೊನೇ ಗಳಿಗೇಲಿ ಪೇಪರ್ ಬದಲಾಯಿಸ್ಬಿಟ್ರು, ಅವನೇನು ಮಾಡ್ತಾನೆ ಪಾಪ ಅಂತ ಅವರೇ ಕತೆ ಕಟ್ಕೊಂಡ್ರು. ಬೈದಿದ್ರೆ ಅವನಿಗೆ ಒಂದಿಷ್ಟು ಹಗುರ ಆಗ್ತಿತ್ತು.

ಚಂದ್ರವ್ವ ಅಟ್ಟದಿಂದ ನೋಟ್ಸ್ ಬುಕ್ಕು ಇಳಿಸ್ಕೊಂಡು, ಧೂಳು ಒರೆಸಿ, ಮತ್ತೆ ಮೇಷ್ಟ್ರು ಹೇಳ್ದಂಗೆ ದಿನಾ ಬರ್ದು, ಅಕ್ಟೋಬರಲ್ಲಿ ಪಾಸಾದ್ಲು. ಇಂಗ್ಲಿಷಲ್ಲಿ ಐವತ್ತೆರಡು. ಅಷ್ಟೊತ್ತಿಗೆ ಫ್ಯಾಕ್ಟರೀಲಿ ಜಾಗ ತುಂಬಿತ್ತು. ಮುಂದಿನ ವರ್ಷ ಕರೀಲಿಲ್ಲ, ಅದರ ಮುಂದಿನ ವರ್ಷನೂ ಇಲ್ಲ. ಕೊನೆಗೆ ಪಂಚಪ್ಪನೇ ಓನರ್ರಿಗೆ ಹೇಳಿ ತನ್ನ ಪ್ರೆಸ್ಸಿಗೇ ಸೇರಿಸಿದ. ಗಡಿಯಾರದ ಸಣ್ಣ ಸಣ್ಣ ಚಕ್ರ ಕೂರಿಸ್ಬೇಕಾಗಿದ್ದ ಬೆರಳು ಈಗ ಲಗ್ನಪತ್ರಿಕೆ ಮಡಚ್ತಿತ್ತು. ಅವಳು ಮಡಚಿದ್ರೆ ಒಂದು ಕೂದಲೆಳೆ ಆಚೀಚೆ ಇಲ್ಲ.

ಬೆಳಗ್ಗೆ ಇಬ್ರೂ ಒಂದೇ ಗಾಡೀಲಿ ಹೋಗೋರು. ಜನ ಟವಲ್ ಹಾಕಿ ಸೀಟು ಹಿಡಿದು, ಆ ಕೋಳಿದಾದ್ರೂ ಇನ್ನೊಂದ್ಸಲ ಹೇಳು ಗುರು ಅಂತ ಗೋಗರೀತಿದ್ರು. ಆ ಕೋಳಿ ಸತ್ತೋಯ್ತು ಅಂತ ಹೇಳಿ ಪಂಚಪ್ಪ ಕಿಟಕಿ ಕಡೆ ತಿರುಗ್ತಿದ್ದ.

ಒಂದಿನ, ಮಾರ್ಚ್ ತಿಂಗಳೇ, ಪ್ರೆಸ್ಸಿಗೆ ಒಂದು ಗಂಟು ಬಂತು. ಕಂದು ಕಾಗದ, ಸೆಣಬಿನ ದಾರ, ಅರಗಿನ ಮೊಹರು. ಪಂಚಪ್ಪ ಹೊತ್ಕೊಂಡು ಬಂದು ಮೇಜಿನ ಮೇಲಿಟ್ಟ. ಪತ್ರಿಕೆ ಮಡಚ್ತಿದ್ದ ಚಂದ್ರವ್ವ ತಲೆಯೆತ್ತಿ ಮೊಹರು ನೋಡಿದ್ಲು, ಮಾಮನ್ನ ನೋಡಿದ್ಲು.

"ಏನೈತಿ ಮಾಮಾ ಇದ್ರಾಗ?"

"ಸೊಸೈಟಿ ವರದಿ ಐತವ್ವಾ" ಅಂದ ಪಂಚಪ್ಪ. ಆಮೇಲೆ ಅವಳ ಕೈ ಕಡೆ ನೋಡ್ತಾ ಹೇಳ್ದ, "ಆವತ್ತೂ ಅದ ಇತ್ತು."

"ಗೊತ್ತೈತಿ" ಅಂದ್ಲು ಅವಳು. ಮುಂದಿನ ಪತ್ರಿಕೆ ತಗೊಂಡು ಮಡಚಿದ್ಲು.